ಯಜಮಾನರ ರಕ್ತವನ್ನೂ ಇದೇ ವಾರ ಕೊಡಿಸಿ

ಪ್ರಶ್ನೆ: ನನಗೆ 23 ವರ್ಷ, ಎರಡು ತಿಂಗಳ ಬಸುರಿ. ಸೋದರತ್ತೆಯ ಮಗನನ್ನೇ ಮದುವೆಯಾಗಿದ್ದೇನೆ. ಎಷ್ಟು ಕಬ್ಬಿಣಾಂಶದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 10 ದಾಟಿ ಏರುತ್ತಿಲ್ಲ. ಡಾಕ್ಟರು ಎಚ್‌ಪಿಎಲ್‌ಸಿ ಪರೀಕ್ಷೆ ಬರೆದಿದ್ದಾರೆ. ‘ಬಸುರಿಗೆ ರಕ್ತ ಕಡಿಮೆ ಇರೋದೇ, ಸುಮ್ನೆ ಖರ್ಚು’ ಅನ್ನುತ್ತಾರೆ ಅತ್ತೆ. ಮಾಡಿಸಲೇಬೇಕಾ? ಈಗಿರುವ ರಕ್ತಪರೀಕ್ಷೆಯ ರಿಪೋರ್ಟ್ ಕಳಿಸಿದ್ದೇನೆ.
– ಓದುಗರೊಬ್ಬರು, ಜಮಖಂಡಿ

ಉತ್ತರ: ಮಾಡಿಸಲೇಬೇಕು ತಂಗಿ. ಬಾಗಲಕೋಟೆಯ ಲ್ಯಾಬಿನಲ್ಲಿ ದಿನಾ ಇಂಥ ರಿಪೋರ್ಟ್ ನೋಡುವವಳು ನಾನು. ನಿಮ್ಮದರಲ್ಲಿ ಹಿಮೋಗ್ಲೋಬಿನ್‌ಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಎಂಸಿವಿ, ಅಂದರೆ ಕೆಂಪು ಕಣದ ಗಾತ್ರ. 80ರ ಮೇಲೆ ಇರಬೇಕಾದದ್ದು 63 ಇದೆ. ಕಣಗಳ ಎಣಿಕೆ ಮಾತ್ರ 54 ಲಕ್ಷ! ಬರೀ ಕಬ್ಬಿಣಾಂಶದ ಕೊರತೆಯಾದರೆ ಕಣ ಸಣ್ಣದಾಗುವುದರ ಜೊತೆ ಎಣಿಕೆಯೂ ಸಾಮಾನ್ಯವಾಗಿ ಇಳಿಯುತ್ತದೆ. 54 ಲಕ್ಷ ಅಂದರೆ 5.4 ಮಿಲಿಯನ್; 63ನ್ನು 5.4ರಿಂದ ಭಾಗಿಸಿದರೆ 11.7 ಆಯಿತು. 13ಕ್ಕಿಂತ ಕಡಿಮೆ ಬಂದರೆ ಬೀಟಾ ಥಲಸ್ಸೀಮಿಯಾದ ವಾಹಕರಿರಬಹುದು ಅಂತ ಅನುಮಾನ ಪಡುತ್ತೇವೆ. ಇದು ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶಪಾರಂಪರ್ಯವಾಗಿ ಬರುವ ಕಾಯಿಲೆ; ಕಾಯಿಲೆಯಿಲ್ಲದೆ ಅದರ ದೋಷವಿರುವ ಒಂದು ಜೀನನ್ನಷ್ಟೇ ಹೊತ್ತವರು ವಾಹಕರು. ಈ ಲೆಕ್ಕ ಸುಳಿವು ಅಷ್ಟೇ.

ಎಚ್‌ಪಿಎಲ್‌ಸಿ ಯಂತ್ರ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆ ಬೇರೆ ಮಾಡಿ ಅಳೆಯುತ್ತದೆ. ಎ2 ಅನ್ನುವ ಬಗೆ ಶೇ. 4ರಿಂದ 7ರಷ್ಟಿದ್ದರೆ ಸಾಮಾನ್ಯವಾಗಿ ವಾಹಕರೆಂದೇ ಲೆಕ್ಕ. ಕೆಂಪು ಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ದೋಷ ಇದ್ದರೂ ಇದರಲ್ಲೇ ಕಾಣುತ್ತದೆ. ಜೊತೆಗೇ ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶ ತೀರಾ ಕಡಿಮೆಯಿದ್ದರೆ ಎ2 ಸ್ವಲ್ಪ ಇಳಿದು, ವಾಹಕರದೂ ಸರಿಯಿದ್ದಂತೆ ಕಾಣಬಹುದು. ಮೂರು ತಿಂಗಳೊಳಗೆ ರಕ್ತ ಹಾಕಿಸಿಕೊಂಡಿದ್ದರೆ ಲ್ಯಾಬಿನವರಿಗೆ ಮೊದಲೇ ಹೇಳಿ.

ನಿಮ್ಮ ಪತ್ರದಲ್ಲಿ ಯಜಮಾನರ ರಕ್ತದ ಮಾತೇ ಇಲ್ಲ. ನನಗೆ ಕಳವಳ ಅದೇ. ನಿಮ್ಮ ಫಲಿತಾಂಶ ಬರಲಿ ಅಂತ ಕಾಯದೆ ಅವರದನ್ನೂ ಕೊಡಿಸಿ. ನೀವಿಬ್ಬರೂ ರಕ್ತಸಂಬಂಧಿಕರು, ಒಬ್ಬರಲ್ಲಿದ್ದರೆ ಇನ್ನೊಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿ. ಅವರದು ಪೂರ್ತಿ ಸರಿಯಿದ್ದರೆ ಮಗುವಿನ ಬಗ್ಗೆ ಭಯ ಬೇಡ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸ್ಸೀಮಿಯಾ ಮೇಜರ್, ಅಂದರೆ ಈ ಕಾಯಿಲೆಯ ತೀವ್ರ ರೂಪ, ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ, ಕೆಲವೊಮ್ಮೆ ತಿಂಗಳಿಗೊಮ್ಮೆ ರಕ್ತ ಹಾಕಿಸುತ್ತಲೇ ಇರಬೇಕಾಗುತ್ತದೆ. 11ನೇ ವಾರದ ಹೊತ್ತಿಗೆ ಮಾಸಿನ ಚೂರು ತೆಗೆದು ಮಗುವಿನ ಡಿಎನ್‌ಎ ನೋಡಬಹುದು. ಆದರೆ ಅದಕ್ಕೂ ಮುಂಚೆ ನಿಮ್ಮಿಬ್ಬರ ಜೀನಿನಲ್ಲಿ ಇರುವ ದೋಷ ಯಾವುದೆಂದು ಗುರುತಿಸಬೇಕು, ಅದಕ್ಕೂ ದಿನ ಹಿಡಿಯುತ್ತದೆ. ಈ ಅವಸರ ಅದಕ್ಕೇ.

ವಾಹಕರು ರೋಗಿಗಳಲ್ಲ ಅಂತ ಅತ್ತೆಗೆ ತಿಳಿಸಿ ಹೇಳಿ. ನಿಮಗೆ ಇದು ತಂದೆ ಕಡೆಯಿಂದ ಬಂದಿದ್ದರೆ ತಂದೆಯ ಅಕ್ಕತಂಗಿಯರಲ್ಲೂ ಇರಬಹುದು, ಅಲ್ವಾ? ಸೊಸೆಯ ಮೇಲೆ ದೂರು ಹೊರಿಸುವ ಮಾತೇ ಇಲ್ಲಿ ಬರಬಾರದು. ಮಾತ್ರೆಯನ್ನು ಮಾತ್ರ ನೀವಾಗಿಯೇ ಬಿಡಬೇಡಿ. ಫೆರಿಟಿನ್ ನೋಡಿ ನಿಮ್ಮ ಡಾಕ್ಟರು ಹೇಳಲಿ.