ಓದುಗರ ಪ್ರಶ್ನೆ: ಜೇನುನೊಣ, ಕಣಜ ಮತ್ತು ನಾವು

ಪ್ರಶ್ನೆ: ಜೇನುನೊಣಗಳ ಉಪಕಾರ ಎಲ್ಲರಿಗೂ ಗೊತ್ತು. ಆದರೆ ಕುಟುಕುವುದನ್ನು ಬಿಟ್ಟರೆ ಕಣಜಗಳು ಮಾಡುವ ಕೆಲಸವಾದರೂ ಏನು? ಅವು ಇಲ್ಲವಾದರೆ ಯಾರಿಗೆ ನಷ್ಟ?

ಉತ್ತರ: ಜೇನುನೊಣವನ್ನು ಹೊಗಳುವುದು, ಕಣಜವನ್ನು ಕಂಡಲ್ಲಿ ಹೊಡೆಯುವುದು ನಮ್ಮ ರೂಢಿಯಾದರೂ, ಹುಟ್ಟಿನ ದೃಷ್ಟಿಯಿಂದ ಇವೆರಡನ್ನೂ ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಲು ಆಧಾರವಿಲ್ಲ. ಸುಮಾರು 12 ಕೋಟಿ ವರ್ಷಗಳ ಹಿಂದೆ, ಹೂಬಿಡುವ ಸಸ್ಯಗಳು ಭೂಮಿಯ ಮೇಲೆ ಹರಡತೊಡಗಿದ ಕಾಲದಲ್ಲಿ, ಬೇಟೆಯಾಡಿ ಬದುಕುತ್ತಿದ್ದ ಕಣಜಗಳ ಒಂದು ಕವಲು ತನ್ನ ಮರಿಗಳಿಗೆ ಕೀಟಗಳ ಬದಲು ಪರಾಗವನ್ನು ಉಣಿಸಲಾರಂಭಿಸಿತು. ಇಂದಿನ ಜೇನುನೊಣಗಳೆಲ್ಲ ಆ ಕವಲಿನ ಸಂತತಿ. ಸಸ್ಯಾಹಾರಕ್ಕೆ ತಿರುಗಿದ ಕಣಜವೇ ಜೇನುನೊಣ ಎಂದರೆ ತಪ್ಪಾಗಲಾರದು.

ಬೇಟೆಯನ್ನು ಬಿಡದೆ ಉಳಿದ ಕಣಜಗಳ ಕೆಲಸ ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಬೆಳೆದ ಕಣಜ ಬಹುಮಟ್ಟಿಗೆ ಮಕರಂದದಂತಹ ಸಿಹಿ ದ್ರವವನ್ನು ಕುಡಿದು ಬದುಕುತ್ತದೆ; ಅದು ಹಿಡಿಯುವ ಕಂಬಳಿಹುಳು, ಗಿಡಹೇನು, ನೊಣ, ಜೇಡಗಳೆಲ್ಲ ಗೂಡಿನಲ್ಲಿರುವ ಮರಿಗಳ ಪಾಲು. ಎಲೆ ತಿನ್ನುವ ಹುಳುಗಳ ಸಂಖ್ಯೆ ಮಿತಿಮೀರದಂತೆ ಹೀಗೆ ದಿನವೂ ತಡೆ ಬೀಳುತ್ತಿರುತ್ತದೆ. ಜೇನುನೊಣದ ದುಡಿಮೆ ಹಣ್ಣಾಗಿ, ಜೇನಾಗಿ ಕೈಗೆ ಸಿಗುತ್ತದೆ, ಆದರೆ ಕಣಜದ ದುಡಿಮೆ ಎಂದರೆ ಆಗದೆ ಹೋದ ಹಾನಿ. ಆಗದೆ ಹೋದದ್ದನ್ನು ಯಾರೂ ಲೆಕ್ಕ ಇಡುವುದಿಲ್ಲ. ಕನ್ನಡದಲ್ಲಿ ಧಾನ್ಯ ತುಂಬಿಡುವ ಜಾಗಕ್ಕೂ ಈ ಕೀಟಕ್ಕೂ ‘ಕಣಜ’ ಎಂಬ ಒಂದೇ ಪದವಿರುವುದು ಆಕಸ್ಮಿಕವೇ ಇರಬೇಕು, ಆದರೂ ಅನ್ವರ್ಥವಾಗಿದೆ.

ಇನ್ನು ನಾವು ಕಣಜವೆಂದು ಗುರುತಿಸದಷ್ಟು ಚಿಕ್ಕ ಕಣಜಗಳಿವೆ. ಅವು ಬೇರೆ ಕೀಟಗಳ ಮೊಟ್ಟೆಯೊಳಗೋ ಮೈಯೊಳಗೋ ತಮ್ಮ ಮೊಟ್ಟೆಯಿಡುತ್ತವೆ. ಮರಿ ಆತಿಥೇಯ ಕೀಟವನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಮನುಷ್ಯರನ್ನು ಇವು ಕುಟುಕುವುದಿಲ್ಲವೆಂದೇ ಹೇಳಬಹುದು. ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಟ್ರೈಕೊಗ್ರಾಮ ಕಣಜವನ್ನು ಪ್ರಯೋಗಾಲಯಗಳಲ್ಲಿ ಸಾಕಿ, ಕಬ್ಬಿನ ಕಾಂಡ ಕೊರೆಯುವ ಹುಳುವಿನ ವಿರುದ್ಧ ಹೊಲಗಳಿಗೆ ಬಿಡುವ ಪದ್ಧತಿ ಹಲವು ದೇಶಗಳಲ್ಲಿದೆ. ಇದಕ್ಕಿಂತ ದೊಡ್ಡ ಕಥೆ ಮರಗೆಣಸಿನದು. ದಕ್ಷಿಣ ಅಮೆರಿಕದಿಂದ ಬಂದ ಒಂದು ಹಿಟ್ಟು ತಿಗಣೆ 1970ರ ದಶಕದಲ್ಲಿ ಆಫ್ರಿಕಾದ ಮರಗೆಣಸನ್ನು, ಅಂದರೆ ಕೋಟ್ಯಂತರ ಜನರ ಮುಖ್ಯ ಆಹಾರವನ್ನು, ಹಾಳುಗೆಡವುತ್ತ ಹರಡಿತು. ತವರಿನಲ್ಲಿ ಆ ತಿಗಣೆಯನ್ನು ಹತೋಟಿಯಲ್ಲಿಟ್ಟಿದ್ದ ಪುಟ್ಟ ಕಣಜವೊಂದನ್ನು ಪರಾಗ್ವೇಯಲ್ಲಿ ಪತ್ತೆಹಚ್ಚಿ, 1981ರಿಂದ ಆಫ್ರಿಕಾದ ಹೊಲಗಳಲ್ಲಿ ಬಿಡಲಾಯಿತು. ಬಹುತೇಕ ಪ್ರದೇಶಗಳಲ್ಲಿ ತಿಗಣೆಯ ಹಾವಳಿ ತಗ್ಗಿತು. ಈ ಕಾರ್ಯವನ್ನು ಮುನ್ನಡೆಸಿದ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಹಾನ್ಸ್ ಹೆರೆನ್ ಅವರಿಗೆ 1995ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಕಣಜಕ್ಕೆ ಏನೂ ಸಲ್ಲಲಿಲ್ಲ.

ಕಣಜಗಳು ಪರಾಗಸ್ಪರ್ಶವನ್ನೂ ಮಾಡುತ್ತವೆ. ಆಲ, ಅರಳಿ, ಅತ್ತಿ, ಅಂಜೂರಗಳ ಕುಲದಲ್ಲಿ 750ಕ್ಕೂ ಹೆಚ್ಚು ಪ್ರಭೇದಗಳಿದ್ದು, ಬೀಜ ಕಟ್ಟಲು ಅವೆಲ್ಲಕ್ಕೂ ಕಿರುಕಣಜಗಳೇ ಬೇಕು. ಕಾಯಿಯ ತುದಿಯ ಕಿಂಡಿಯಲ್ಲಿ ನುಸುಳುವಾಗ ಹೆಣ್ಣು ಕಣಜದ ರೆಕ್ಕೆಗಳು ಸಾಮಾನ್ಯವಾಗಿ ಕಿತ್ತುಹೋಗುತ್ತವೆ. ಅದು ಒಳಗಿನ ಹೂಗಳಿಗೆ ಪರಾಗ ಮುಟ್ಟಿಸಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಕಣಜವಿಲ್ಲದೆ ಈ ಮರಗಳಿಗೆ ಮುಂದಿನ ಪೀಳಿಗೆಯಿಲ್ಲ, ಅವುಗಳ ಹಣ್ಣನ್ನೇ ನೆಚ್ಚಿಕೊಂಡ ಹಕ್ಕಿ, ಬಾವಲಿ, ಮಂಗಗಳಿಗೆ ಆಹಾರವಿಲ್ಲ.

ಹಾಗೆಂದು ಎಲ್ಲ ಕಣಜಗಳೂ ಎಲ್ಲೆಡೆಯೂ ಹಿತಕಾರಿಯೆಂದು ನಾನು ವಾದಿಸುವುದಿಲ್ಲ. ಏಷ್ಯಾದ ಒಂದು ದೊಡ್ಡ ಕಣಜ 2004ರ ಹೊತ್ತಿಗೆ ಫ್ರಾನ್ಸಿನಲ್ಲಿ ಕಾಣಿಸಿಕೊಂಡು, ಅಲ್ಲಿಂದ ನೆರೆಯ ದೇಶಗಳಿಗೂ ಹಬ್ಬಿ, ಅದನ್ನು ಎದುರಿಸಿ ಗೊತ್ತಿಲ್ಲದ ಯುರೋಪಿನ ಜೇನುನೊಣಗಳನ್ನು ಗೂಡಿನ ಬಾಗಿಲಲ್ಲೇ ಹಿಡಿದು ತಿನ್ನುತ್ತಿದೆ. ತವರಿನಲ್ಲಾದರೋ ಜೇನುನೊಣಗಳಿಗೆ ಅದನ್ನು ಎದುರಿಸುವ ಉಪಾಯ ಗೊತ್ತು: ನೂರಾರು ನೊಣಗಳು ಕಣಜವನ್ನು ಮುತ್ತಿ, ಮೈ ಅದುರಿಸಿ ಶಾಖ ಹುಟ್ಟಿಸಿ, ಅದನ್ನು ಬೇಯಿಸಿ ಕೊಲ್ಲುತ್ತವೆ.

ಪ್ರಶ್ನೆ: ‘ಭ್ರಮರ-ಕೀಟ ನ್ಯಾಯ’ದಲ್ಲಿ ಹೇಳುವಂತೆ ಗೂಡಿಗೆ ತಂದಿಟ್ಟ ಹುಳು ಭ್ರಮರವನ್ನೇ ಧ್ಯಾನಿಸುತ್ತ ಭ್ರಮರವಾಗುವುದು ನಿಜವೇ?

ಉತ್ತರ: ನೋಟ ಸರಿ, ವಿವರಣೆ ತಪ್ಪು. ಮಣ್ಣಿನ ಗೂಡು ಕಟ್ಟುವ ಒಂಟಿ ಕಣಜ, ಅಂದರೆ ಕುಂಬಾರ ಹುಳು, ಕಂಬಳಿಹುಳುವನ್ನು ಕುಟುಕಿ ಗೂಡಿಗೆ ತರುತ್ತದೆ. ಆ ವಿಷ ಕೊಲ್ಲುವುದಿಲ್ಲ, ಅಲುಗಾಡದಂತೆ ಮಾಡುತ್ತದೆ. ಸತ್ತರೆ ಕೊಳೆಯುವ ಆಹಾರ ಹೀಗೆ ಮರಿಗೆ ತಾಜಾ ಉಳಿಯುತ್ತದೆ. ಗೂಡಿನಲ್ಲಿ ಒಂದು ಮೊಟ್ಟೆಯನ್ನೂ ಇಟ್ಟು ತಾಯಿ ಬಾಯಿ ಮುಚ್ಚುತ್ತದೆ. ಹುಳು ಒಳಹೋದದ್ದನ್ನೂ ಕೆಲವು ವಾರಗಳ ಮೇಲೆ ಕಣಜ ಹೊರಬಂದದ್ದನ್ನೂ ಕಂಡ ಹಿರಿಯರು ನಡುವಿನ ಮೊಟ್ಟೆಯನ್ನು ಕಾಣಲಿಲ್ಲ, ಅಷ್ಟೆ. ಕೆಲವು ಕಣಜಗಳು ಮಣ್ಣು ಮೆತ್ತುವಾಗ ಮೈ ಅದುರಿಸಿ ಗುಂಯ್‌ಗುಡುವುದುಂಟು. ಹುಳುವಿಗೆ ಮಂತ್ರೋಪದೇಶವಾಗುತ್ತಿದೆ ಎಂದು ಆ ಸದ್ದೇ ಅನ್ನಿಸಿರಬಹುದು.

ಪ್ರಶ್ನೆ: ಜೇನುನೊಣಗಳು ಅಳಿದರೆ ನಾಲ್ಕೇ ವರ್ಷಗಳಲ್ಲಿ ಮನುಷ್ಯಕುಲ ಅಳಿಯುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದರೇ? ಮನೆಮನೆಯಲ್ಲೂ ಜೇನುಪೆಟ್ಟಿಗೆ ಇಟ್ಟರೆ ಅಪಾಯ ತಪ್ಪುವುದೇ?

ಉತ್ತರ: ಅವರು ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಅವರು ತೀರಿಕೊಂಡದ್ದು 1955ರಲ್ಲಿ. ಈ ಮಾತು ಅವರ ಹೆಸರಿನಲ್ಲಿ ಜನಪ್ರಿಯವಾದದ್ದು 1990ರ ದಶಕದಲ್ಲಿ. ವಿಷಯವೂ ಅತಿಶಯೋಕ್ತಿಯೇ. ಗೋಧಿ, ಜೋಳ, ಮೆಕ್ಕೆಜೋಳ, ಭತ್ತಗಳು ಗಾಳಿಯಿಂದಲೋ ಸ್ವಕೀಯ ಪರಾಗಸ್ಪರ್ಶದಿಂದಲೋ ಕಾಳು ಕಟ್ಟುತ್ತವೆ. ಜಗತ್ತಿನ ಪ್ರಮುಖ ಆಹಾರ ಬೆಳೆಗಳ ಬಗೆಗಳಲ್ಲಿ ಮುಕ್ಕಾಲು ಪಾಲು ಅಷ್ಟಿಷ್ಟಾದರೂ ಪ್ರಾಣಿಗಳ ಪರಾಗಸ್ಪರ್ಶವನ್ನು ಅವಲಂಬಿಸಿದ್ದರೂ, ಒಟ್ಟು ಉತ್ಪಾದನೆಯ ಪ್ರಮಾಣದಲ್ಲಿ ಅಂತಹ ಬೆಳೆಗಳ ಪಾಲು ಸುಮಾರು ಶೇ 35. ಆದ್ದರಿಂದ ಹೊಟ್ಟೆ ತುಂಬುವ ಅನ್ನಕ್ಕಿಂತ ಪೋಷಕಾಂಶಗಳನ್ನು ಕೊಡುವ ಹಣ್ಣು, ತರಕಾರಿ, ಎಣ್ಣೆಕಾಳು, ಬಾದಾಮಿಯಂಥವುಗಳಿಗೆ ಪೆಟ್ಟು ಬೀಳುತ್ತದೆ.

ಪೆಟ್ಟಿಗೆಯ ವಿಷಯದಲ್ಲಿ ನನಗೆ ತಕರಾರಿದೆ. ಗುರುತಿಸಲಾದ 20,000ಕ್ಕೂ ಹೆಚ್ಚು ಜೇನುನೊಣ ಪ್ರಭೇದಗಳಲ್ಲಿ ಪೆಟ್ಟಿಗೆಯಲ್ಲಿ ಸಾಕಲು ಒಗ್ಗುವವು ಬೆರಳೆಣಿಕೆಯಷ್ಟು. ಬಹುಪಾಲು ಪ್ರಭೇದಗಳು ರಾಣಿಯಿಲ್ಲದ, ಎರಿ ಕಟ್ಟದ, ಜೇನು ಕೂಡಿಡದ ಒಂಟಿ ನೊಣಗಳು; ಅವು ಬರಿನೆಲದಲ್ಲಿ ಬಿಲ ತೋಡಿಯೋ ಒಣಗಿದ ಕಡ್ಡಿಯ ಪೊಳ್ಳಿನಲ್ಲೋ ಸಂಸಾರ ಹೂಡುತ್ತವೆ. ಟೊಮೆಟೊ, ಬದನೆ ಹೂಗಳ ಪರಾಗ ಕೇಸರದ ಕಿರುರಂಧ್ರದಿಂದ ಉದುರಬೇಕಾದರೆ ಹೂವನ್ನು ಹಿಡಿದು ಝೇಂಕರಿಸಿ ಅದುರಿಸಬೇಕು. ದೊಡ್ಡ ದುಂಬಿಗಳು ಮತ್ತು ಕೆಲವು ಒಂಟಿ ನೊಣಗಳು ಅದನ್ನು ಬಲ್ಲವು, ಪೆಟ್ಟಿಗೆಯ ನೊಣಕ್ಕೆ ಅದು ಬಾರದು. ಹೂ ಕಡಿಮೆಯಿರುವ ಕಡೆ ಪೆಟ್ಟಿಗೆಗಳನ್ನು ತುಂಬಿದರೆ ಕಾಡುನೊಣಗಳಿಗೆ ಮಕರಂದವೂ ಸಾಲದು, ರೋಗವೂ ದಾಟಬಹುದು. ಜೇನುಕೃಷಿ ಒಳ್ಳೆಯ ಉದ್ಯೋಗ; ಅದನ್ನು ಪ್ರಭೇದ ಸಂರಕ್ಷಣೆಯೆಂದು ಕರೆಯುವುದು ಕೋಳಿ ಸಾಕಿ ಹಕ್ಕಿಗಳನ್ನು ಉಳಿಸಿದೆವು ಎಂದಂತೆ. ನೆಲೆಯ ನಾಶ ಮತ್ತು ಕೀಟನಾಶಕಗಳೇ ಮುಖ್ಯ ಶತ್ರುಗಳು. ಐರೋಪ್ಯ ಒಕ್ಕೂಟವು 2018ರಲ್ಲಿ ಮೂರು ನಿಯೋನಿಕೋಟಿನಾಯ್ಡ್ ಕೀಟನಾಶಕಗಳ ಬಳಕೆಯನ್ನು ಬಯಲಿನ ಬೆಳೆಗಳಲ್ಲಿ ನಿಷೇಧಿಸಿದ್ದು ಈ ಕಾರಣಕ್ಕೆ.

ಪ್ರಶ್ನೆ: ಕುಟುಕಿದ ಜೇನುನೊಣ ಸಾಯುತ್ತದೆ, ಕಣಜ ಸಾಯುವುದಿಲ್ಲ, ಏಕೆ? ಕುಟುಕಿದಾಗ ಏನು ಮಾಡಬೇಕು?

ಉತ್ತರ: ಕುಟುಕುವ ಮುಳ್ಳು ಮೂಲತಃ ಮೊಟ್ಟೆಯಿಡುವ ಅಂಗದ ಮಾರ್ಪಾಡು; ಹಾಗಾಗಿ ಗಂಡುಗಳಿಗೆ ಅದಿಲ್ಲ. ಕೆಲಸಗಾರ ಜೇನುನೊಣದ ಮುಳ್ಳಿನಲ್ಲಿ ಗಾಳದ ಕೊಕ್ಕೆಯಂತಹ ಹಲ್ಲುಗಳಿರುವುದರಿಂದ ಅದು ನಮ್ಮ ಚರ್ಮದಲ್ಲಿ ಸಿಕ್ಕಿಕೊಂಡು, ವಿಷದ ಚೀಲದೊಂದಿಗೆ ಕಿತ್ತು ಬರುತ್ತದೆ. ಕಣಜದ ಮುಳ್ಳು ಸಾಮಾನ್ಯವಾಗಿ ಹಾಗೆ ಸಿಕ್ಕಿಕೊಳ್ಳದು, ಆದ್ದರಿಂದ ಮತ್ತೆ ಮತ್ತೆ ಕುಟುಕಬಲ್ಲದು. ಕಿತ್ತುಬಂದ ಚೀಲ ವಿಷವನ್ನು ಒತ್ತುತ್ತಲೇ ಇರುವುದರಿಂದ, ಉಗುರಿನಿಂದ ಕೆರೆದಾದರೂ ಸರಿ, ಚಿವುಟಿಯಾದರೂ ಸರಿ, ತಕ್ಷಣ ತೆಗೆಯಿರಿ. ಜೊತೆಗೆ ಮಾಗಿದ ಬಾಳೆಹಣ್ಣನ್ನು ಹೋಲುವ ವಾಸನೆಯೊಂದು ಹೊಮ್ಮಿ ಇತರ ನೊಣಗಳನ್ನು ದಾಳಿಗೆ ಕರೆಯುತ್ತದೆ. ಕೈಬೀಸುತ್ತ ನಿಲ್ಲದೆ ದೂರ ಹೋಗಿರಿ. ಮುಖ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಅಥವಾ ಹಲವಾರು ನೊಣಗಳು ಕುಟುಕಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ಗೂಡು ಓಡಾಟದ ದಾರಿಯಿಂದ ದೂರವಿದ್ದರೆ ಬಿಟ್ಟುಬಿಡಿ. ಬಾಗಿಲ ಮೇಲೆಯೇ ಕಟ್ಟಿದ್ದರೆ ಕಲ್ಲು, ಬೆಂಕಿಗಳ ಸಾಹಸ ಬೇಡ, ತಿಳಿದವರನ್ನು ಕರೆಸಿ ತೆಗೆಸಿರಿ.