ಸ್ಯಾಲರಿ ಅಂದರೆ ಉಪ್ಪಿನ ಕೂಲಿಯೇ?

ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರಂತೆ, ‘ಸ್ಯಾಲರಿ’ ಅನ್ನೋ ಪದ ಹುಟ್ಟಿದ್ದು ಹಾಗಂತೆ, ನಿಜವೇ ಅಂತ ಕೇಳಿದ್ದೀರಿ.

ಬೇರು ಉಪ್ಪೇ, ಅದರಲ್ಲಿ ಅನುಮಾನ ಬೇಡ. ಲ್ಯಾಟಿನ್‌ನಲ್ಲಿ ‘ಸಾಲ್’ ಅಂದರೆ ಉಪ್ಪು, ಅದರಿಂದ ‘ಸಲಾರಿಯಂ’. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಆದರೆ ಉಪ್ಪು ಅಳೆದು ಕೊಟ್ಟ ಕಥೆಯನ್ನು ನಾನು ಒಪ್ಪುವುದಿಲ್ಲ.

ನಮ್ಮೂರು ಗೋಕರ್ಣದ ಹತ್ತಿರ, ಸಾಣಿಕಟ್ಟಾದ ಉಪ್ಪಿನ ಆಗರಗಳ ಪಕ್ಕ. ಅಘನಾಶಿನಿಯ ಉಪ್ಪುನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಇಂಗಿಸಿ, ಉದ್ದ ಹಿಡಿಕೆಯ ಹಲಗೆಯಿಂದ ಎಳೆದೆಳೆದು ಗುಡ್ಡೆ ಹಾಕುವುದನ್ನು ನೋಡುತ್ತಲೇ ಬೆಳೆದವನು ನಾನು. ಮಳೆಗಾಲ ಶುರುವಾದರೆ ಅಡುಗೆಮನೆಯ ಮರಿಗೆಯಲ್ಲಿ ಆ ಹರಳುಪ್ಪು ನೀರೊಡೆದು ಕೂರುತ್ತದೆ. ವರ್ಷದ ದುಡಿಮೆಯನ್ನು ಹೀಗೆ ಕರಗುವ ವಸ್ತುವಿನಲ್ಲಿ ಯಾರು ತೆಗೆದುಕೊಂಡಾರು?

ಲೆಕ್ಕವೂ ಬೇರೆಯೇ ಹೇಳುತ್ತದೆ. ರೋಮನ್ ಚಕ್ರವರ್ತಿ ಆಗಸ್ಟಸ್‌ನ ಕಾಲದಲ್ಲಿ ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 225 ಡೆನಾರಿಯಸ್, ಬೆಳ್ಳಿ ನಾಣ್ಯದ ಲೆಕ್ಕದಲ್ಲಿ, ಮೂರು ಕಂತುಗಳಲ್ಲಿ. ಸೈನಿಕರ ಆ ಸಂಬಳಕ್ಕೆ ಅವರು ಹೇಳುತ್ತಿದ್ದದ್ದು ‘ಸ್ಟಿಪೆಂಡಿಯಂ’ ಅಂತ. ಇವತ್ತಿನ ಸ್ಟೈಪೆಂಡ್ ಅದರ ಮಗು. ‘ಸ್ಟಿಪ್ಸ್’ ಅಂದರೆ ಚಿಲ್ಲರೆ ಕಾಣಿಕೆ, ‘ಪೆಂಡೆರೆ’ ಅಂದರೆ ತೂಗುವುದು.

ಹಾಗಾದರೆ ಉಪ್ಪಿನ ಹೆಸರು ಸೇರಿದ್ದು ಹೇಗೆ? ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮನ್ ಲೇಖಕ ಪ್ಲಿನಿ ಉಪ್ಪಿನ ಬಗ್ಗೆ ಬರೆಯುತ್ತಾ, ಗೌರವ ಮತ್ತು ಸೈನ್ಯದ ಸೇವೆಗೂ ಉಪ್ಪಿನ ನಂಟಿದೆ, ಸಲಾರಿಯಂ ಎಂಬ ಹೆಸರು ಅಲ್ಲಿಂದಲೇ ಬಂದದ್ದು ಅನ್ನುತ್ತಾನೆ. ಕೂಲಿಗೆ ಉಪ್ಪು ಕೊಟ್ಟರು ಅಂತ ಅವನೂ ಹೇಳಿಲ್ಲ. ಉಪ್ಪಿನ ಖರ್ಚಿಗೆ ಅಂತ ಕೊಟ್ಟ ಹಣಕ್ಕೆ ಈ ಹೆಸರು ಬಂದಿರಬಹುದು ಅಂತ ಊಹಿಸುವವರಿದ್ದಾರೆ. ನನಗೆ ಅದೇ ಸರಿ ಕಾಣುತ್ತದೆ, ಯಾಕೆಂದರೆ ನಮ್ಮ ‘ಸಂಬಳ’ದ್ದೂ ಇಂಥದೇ ದಾರಿ. ಸಂಸ್ಕೃತದಲ್ಲಿ ಶಂಬಲ ಅಂದರೆ ಪ್ರಯಾಣಕ್ಕೆ ಕಟ್ಟಿಕೊಳ್ಳುವ ಬುತ್ತಿ. ತಿಂಗಳ ಕೊನೆಗೆ ಬುತ್ತಿ ಯಾರೂ ಕೊಡುವುದಿಲ್ಲ, ಪದ ಮಾತ್ರ ಉಳಿದಿದೆ.

ಇನ್ನೊಂದು ಮಾತು. ‘ಸೋಲ್ಜರ್’ ಕೂಡ ಉಪ್ಪಿನಿಂದ ಬಂತು ಅಂತ ಕೆಲವರು ಸೇರಿಸುತ್ತಾರೆ, ಅದು ತಪ್ಪು. ಅದರ ಮೂಲ ‘ಸಾಲಿಡಸ್’ ಎಂಬ ಚಿನ್ನದ ನಾಣ್ಯ. ನಿಜವಾಗಿ ಉಪ್ಪು ತಿಂದ ಪದಗಳು ಬೇಕಿದ್ದರೆ ಊಟದೆಲೆ ನೋಡಿ: ಸಲಾಡ್, ಸಾಸ್. ಎರಡಕ್ಕೂ ಮೂಲದಲ್ಲಿ ಉಪ್ಪು ಹಾಕಿದ್ದು ಅಂತಲೇ ಅರ್ಥ.