ಬೇಸಿಗೆ ಮಧ್ಯಾಹ್ನಕ್ಕೆ ಒಗ್ಗುವ ಪತ್ತೇದಾರಿ ಕಥೆಗಳು: ಯಾವುದು, ಹೇಗೆ ಓದುವುದು

ತುಮಕೂರಿನ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡಲಾಗುವುದಿಲ್ಲ, ಮೊಬೈಲ್ ನೋಡಿ ನೋಡಿ ಸಾಕಾಗಿದೆ, ಪುಸ್ತಕ ಹಿಡಿದರೆ ಎರಡೇ ಪುಟಕ್ಕೆ ನಿದ್ದೆ; ರಕ್ತಪಾತವಿಲ್ಲದ ಪತ್ತೇದಾರಿ ಕಥೆಗಳನ್ನು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಮೊದಲು ಊಟದ ಮಾತು ಹೇಳಿಬಿಡುತ್ತೇನೆ. ಎರಡು ಮುದ್ದೆ, ಮೇಲೊಂದಿಷ್ಟು ಅನ್ನ ಉಂಡು ಒಂದೂವರೆಗೆ ಕೂತರೆ ಎಂಥ ಕಥೆಯಾದರೂ ಕಣ್ಣು ಎಳೆಯುತ್ತದೆ. ಓದುವ ದಿನ ಮಧ್ಯಾಹ್ನಕ್ಕೆ ಅಂಬಲಿ ಇರಲಿ. ಒಬ್ಬರಿಗೆ ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಒಂದೂವರೆ ಲೋಟ ನೀರಿಗೆ ಕೈಯಾಡಿಸುತ್ತಾ ಸುರಿಯಿರಿ. ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬೆಂದರೆ ಹಸಿ ವಾಸನೆ ಹೋಗುತ್ತದೆ. ಪೂರ್ತಿ ಆರಿದ ಮೇಲೆ ಒಂದು ಲೋಟ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ. ಬಿಸಿಯಿದ್ದಾಗಲೇ ಮಜ್ಜಿಗೆ ಹಾಕಿದರೆ ಒಡೆಯುತ್ತದೆ.

ಜಾಗವೂ ಮುಖ್ಯ. ಆರ್‌ಸಿಸಿ ತಾರಸಿ ಹಗಲೆಲ್ಲ ಕಾಯ್ದು ಸಂಜೆಗೆ ಶಾಖ ಬಿಡುತ್ತದೆ, ಆದ್ದರಿಂದ ಮೇಲಿನ ಮಹಡಿ ಬೇಡ. ಮೂಡಣ ದಿಕ್ಕಿನ ಕೋಣೆ ಮಧ್ಯಾಹ್ನಕ್ಕೆ ವಾಸಿ. ಪಡುವಣ ಗೋಡೆ ಮೂರರ ನಂತರ ಕೈ ಇಡಲಾಗದಷ್ಟು ಕಾಯುತ್ತದೆ. ಬೆಳಗ್ಗೆ ಒಂಬತ್ತರ ಸುಮಾರಿಗೆ ಕಿಟಕಿ ಮುಚ್ಚಿ, ಹೊರಗಿನ ಗಾಳಿ ತಣ್ಣಗಾದ ಮೇಲೆ ತೆರೆಯಿರಿ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಒಣಗಿರುವುದರಿಂದ ಕಿಟಕಿ ತೆರೆದಾಗ ಅದಕ್ಕೆ ಒದ್ದೆ ಪಂಚೆ ಕಟ್ಟಿದರೆ ಕೆಲಸ ಮಾಡುತ್ತದೆ. ಮಳೆ ಬಿದ್ದು ಸೆಕೆ ಶುರುವಾದ ಮೇಲೆ ಅದನ್ನು ತೆಗೆದುಬಿಡಿ, ಉಪಯೋಗವಿಲ್ಲ. ಟೇಬಲ್ ಫ್ಯಾನ್ ಕಾಲಿನ ಕಡೆ ತಿರುಗಿರಲಿ, ಪುಟ ಹಾರುವುದಿಲ್ಲ.

ಈಗ ಕಥೆ. ನೀವು ಕೇಳುತ್ತಿರುವ ಬಗೆಗೆ ಇಂಗ್ಲಿಷಿನವರು ಕೋಜಿ ಮಿಸ್ಟರಿ ಎನ್ನುತ್ತಾರೆ. ಸಣ್ಣ ಊರು, ಒಬ್ಬರಿಗೊಬ್ಬರು ಗೊತ್ತಿರುವ ಜನ, ಪೊಲೀಸರಲ್ಲದ ಪತ್ತೇದಾರ. ಸಾವು ಆಗುವುದು ತೆರೆಯ ಹಿಂದೆ. ನಮ್ಮ ಮುಂದೆ ಉಳಿಯುವುದು ಯಾರು ಎಲ್ಲಿದ್ದರು, ಯಾರು ಸುಳ್ಳು ಹೇಳಿದರು ಎನ್ನುವ ಲೆಕ್ಕ. ಕೊನೆಗೆ ಲೆಕ್ಕ ಸರಿಹೋಗುತ್ತದೆಂಬ ಭರವಸೆ ಮೊದಲೇ ಇರುತ್ತದೆ. ದಣಿದ ತಲೆಗೆ ಹಿತವಾಗುವುದು ಆ ಭರವಸೆಯೇ ಎಂಬುದು ನನ್ನ ಗಟ್ಟಿ ನಂಬಿಕೆ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾನೂ ಪತ್ತೇದಾರಿ ಬರೆಯುತ್ತಿದ್ದವರು, ಇಂಥ ಕಥೆಗಳಿಗೆ ಹತ್ತು ಕಟ್ಟಳೆ ಹಾಕಿದರು. ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವು ಓದುಗನ ಕಣ್ಣಿಗೂ ಆಗಲೇ ಬೀಳಬೇಕು ಎಂಬುದು ಅದರಲ್ಲೊಂದು. ನಿಧಾನವಾಗಿ ಓದಿದರೆ ಉತ್ತರ ನಿಮಗೂ ಸಿಗಬಲ್ಲದು ಎನ್ನುವುದಕ್ಕೆ ಅದೇ ಆಧಾರ.

ಶುರುವಿಗೆ ದಪ್ಪ ಕಾದಂಬರಿ ಬೇಡ. ಅಗಾಥಾ ಕ್ರಿಸ್ಟಿಯ 'ದಿ ಥರ್ಟೀನ್ ಪ್ರಾಬ್ಲಮ್ಸ್' (1932) ತೆಗೆದುಕೊಳ್ಳಿ. ಹದಿಮೂರು ಕಥೆ. ಕೆಲವರು ಸಂಜೆ ಸೇರುತ್ತಾರೆ, ಒಬ್ಬೊಬ್ಬರಾಗಿ ತಮಗೆ ಗೊತ್ತಿರುವ ಒಂದು ಒಗಟು ಹೇಳುತ್ತಾರೆ, ಉಳಿದವರು ಊಹಿಸುತ್ತಾರೆ. ಮೂಲೆಯಲ್ಲಿ ಹೆಣೆಯುತ್ತಾ ಕೂತ ಮಿಸ್ ಮಾರ್ಪಲ್ ಅಜ್ಜಿ ತಮ್ಮ ಹಳ್ಳಿಯ ಯಾರನ್ನೋ ನೆನೆದು ಬಿಡಿಸುತ್ತಾರೆ. ದಿನಕ್ಕೊಂದು ಕಥೆ, ಅರ್ಧ ಗಂಟೆ. ಮನೆಯಲ್ಲಿ ಮಕ್ಕಳಿದ್ದರೆ ಸತ್ಯಜಿತ್ ರೇ ಅವರ ಫೆಲೂದಾ ಕಥೆಗಳು ಒಳ್ಳೆಯವು. 1965ರಲ್ಲಿ ಮಕ್ಕಳ ಪತ್ರಿಕೆಗೆಂದೇ ಶುರುವಾದವು, ಇಂಗ್ಲಿಷ್ ಅನುವಾದ ಸಿಗುತ್ತದೆ. ಕೊಲೆಯೇ ಬೇಡವೆಂದರೆ ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ 1998ರಲ್ಲಿ ಶುರು ಮಾಡಿದ ಬೋಟ್ಸ್‌ವಾನಾ ಸರಣಿ ಇದೆ. ಅಲ್ಲಿನ ಪತ್ತೇದಾರಿಣಿ ಪ್ರೆಷಸ್ ರಮೋಟ್ಸ್ವೆ ಬಿಸಿಲು ನಾಡಿನ ಹೆಂಗಸು, ಕೆಂಪು ಚಹಾ ಕುಡಿಯುತ್ತಾ ಊರ ಜನರ ಸಣ್ಣಪುಟ್ಟ ತೊಡಕು ಬಿಡಿಸುತ್ತಾಳೆ. ನಮ್ಮ ಬಯಲುಸೀಮೆಯ ಓದುಗರಿಗೆ ಆ ಒಣ ನೆಲ, ಮಳೆಯ ದಾರಿ ಕಾಯುವುದು ಏನೂ ಹೊಸದಲ್ಲ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿಗಳು ಒಂದು ಕಾಲಕ್ಕೆ ಮನೆಮನೆಯ ಓದಾಗಿದ್ದವು. ಆದರೆ ಅವುಗಳಲ್ಲಿ ಸಾಹಸ ಮುಂದು, ಓಟ ಜೋರು, ರಾತ್ರಿಗೆ ಇಟ್ಟುಕೊಳ್ಳಿ.

ಓದುವಾಗ ಪುಸ್ತಕದೊಳಗೆ ಒಂದು ಚೀಟಿ ಇಡಿ. ಹೊಸ ಪಾತ್ರ ಬಂದಾಗಲೆಲ್ಲ ಹೆಸರು, ಯಾರಿಗೆ ಏನಾಗಬೇಕು, ಆ ಹೊತ್ತಿಗೆ ಎಲ್ಲಿದ್ದೆ ಎಂದು ಹೇಳಿದರು, ಇಷ್ಟನ್ನೇ ಬರೆದುಕೊಳ್ಳಿ. ಇಂಗ್ಲಿಷ್ ಹೆಸರುಗಳು ಕಲಸಿಹೋಗಿ ಐವತ್ತನೇ ಪುಟಕ್ಕೆ ಪುಸ್ತಕ ಕೆಳಗಿಡುವವರೇ ಬಹಳ ಮಂದಿ.

ಸುಳಿವನ್ನು ಲೇಖಕರು ಅಡಗಿಸುವ ಬಗೆ ನೋಡಿ. ಹೀಗೊಂದು ಸಾಲು ಇದೆಯೆನ್ನಿ: 'ಜಗಲಿಯ ಮೇಲೆ ಹಳೇ ಪೇಪರ್, ಒದ್ದೆ ಟವಲ್, ಖಾಲಿ ಮಜ್ಜಿಗೆ ಲೋಟ ಬಿದ್ದಿದ್ದವು.' ಮರುಸಾಲಿನಲ್ಲೇ ಬಾಗಿಲು ದಬದಬ ಬಡಿಯುತ್ತದೆ, ನಮ್ಮ ಗಮನ ಅತ್ತ ಓಡುತ್ತದೆ. ಆದರೆ ಏಪ್ರಿಲ್‌ನ ಮೂರು ಗಂಟೆಗೆ ತೆಳು ಟವಲ್ ಬೇಗ ಒಣಗಬೇಕಲ್ಲ! ಬೆಳಗ್ಗೆಯೇ ಸ್ನಾನ ಮಾಡಿ ಗುಬ್ಬಿಗೆ ಹೋದೆ, ಈಗಷ್ಟೇ ಬಸ್ಸಿಳಿದೆ ಎಂದ ಭಾವಮೈದ ಮನೆಯಲ್ಲೇ ಇದ್ದ ಎಂಬುದು ಅಲ್ಲಿದೆ. ಮೂರು ವಸ್ತುಗಳ ಪಟ್ಟಿ ಬಂದರೆ ನಡುವಿನದರ ಮೇಲೆ ಕಣ್ಣಿಡಿ. ಸದ್ದುಗದ್ದಲಕ್ಕೆ ಮೊದಲಿನ ಸಾಲನ್ನು ಮತ್ತೊಮ್ಮೆ ಓದಿ. 'ದನಿ ಕೇಳಿಸಿತು' ಎಂದವರು ಮುಖ ನೋಡಿದರೇ ಎಂದು ಕೇಳಿಕೊಳ್ಳಿ. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಗೆ ಕರೆಸುವ ಅಧ್ಯಾಯ ಬಂದಾಗ ಪುಸ್ತಕ ಮುಚ್ಚಿ ಸಂಜೆಯವರೆಗೆ ಬಿಡಿ. ನೀರು ಹಿಡಿಯುವಾಗ, ಮೊಗ್ಗು ಬಿಡಿಸುವಾಗ ತಲೆ ತಾನಾಗಿ ಕೆಲಸ ಮಾಡುತ್ತಿರುತ್ತದೆ.

ಕೆಡುವುದು ಸಾಮಾನ್ಯವಾಗಿ ಅವಸರದಿಂದ. ಒಂದೇ ಲೇಖಕರ ನಾಲ್ಕು ಪುಸ್ತಕ ಬೆನ್ನುಬೆನ್ನಿಗೆ ಓದಿದರೆ ತಂತ್ರ ಗೊತ್ತಾಗಿ ರುಚಿ ಹೋಗುತ್ತದೆ. ನಡುವೆ ಬೇರೆಯದು ಬರಲಿ. ಹಿಂಬದಿಯ ಪರಿಚಯ, ಓದುಗರ ವಿಮರ್ಶೆ ಮೊದಲೇ ನೋಡಬೇಡಿ, ಕೊಲೆಗಾರನ ಹೆಸರು ಅಲ್ಲೇ ಸಿಕ್ಕಿಬಿಡಬಹುದು.

ದುಡ್ಡು ಹಾಕುವ ಮುನ್ನ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ. ಇಂಗ್ಲಿಷ್ ಲೇಖಕ ಜಿ.ಕೆ. ಚೆಸ್ಟರ್ಟನ್ 1936ರಲ್ಲೇ ತೀರಿಕೊಂಡದ್ದರಿಂದ, ಪಾದ್ರಿಯೇ ಪತ್ತೇದಾರನಾಗಿರುವ ಅವರ ಫಾದರ್ ಬ್ರೌನ್ ಕಥೆಗಳಿಗೆ ನಮ್ಮಲ್ಲಿ ಹಕ್ಕುಸ್ವಾಮ್ಯವಿಲ್ಲ. 1911ರ ಮೊದಲ ಸಂಕಲನ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಉಚಿತ. ಮೊಬೈಲಿನಲ್ಲೇ ಓದಹೋದರೆ ಮತ್ತೆ ವಾಟ್ಸಾಪಿಗೆ ಜಾರುತ್ತೀರಿ. ಒಂದು ಕಥೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿಗೆ ಪ್ರಿಂಟ್ ಹಾಕಿಸಿ, ಪಿನ್ ಹೊಡೆಸಿಕೊಳ್ಳಿ. ಅಕ್ಷರ ಹದಿನಾಲ್ಕು ಪಾಯಿಂಟ್ ಇರಲಿ, ಕಿಟಕಿ ಮುಚ್ಚಿದ ಕೋಣೆಯ ಬೆಳಕಿಗೆ ಅದಕ್ಕಿಂತ ಸಣ್ಣದು ಕಣ್ಣಿಗೆ ಶ್ರಮ.